ಘರಪಟ್ಟಿಗೆ (ಮನೆ ತೆರಿಗೆಗೆ) ತಕ್ಕ ಸೇವೆ ಸಿಗುತ್ತಿದೆಯೇ? ಉತ್ತರ ಕನ್ನಡದ ಸಣ್ಣ ಪಟ್ಟಣಗಳ ಒಂದು ವರ್ಷದ ಲೆಕ್ಕ

ಫೆಬ್ರವರಿ-ಮಾರ್ಚ್ ಬಂತೆಂದರೆ ಜಿಲ್ಲೆಯ ಪತ್ರಿಕೆಗಳ ಒಳಪುಟದಲ್ಲಿ ಒಂದು ತಲೆಬರಹ ಖಾಯಂ: ಪಟ್ಟಣ ಪಂಚಾಯತಿಯಿಂದ ಇಷ್ಟು ಲಕ್ಷದ ಉಳಿತಾಯ ಬಜೆಟ್. ಮೇ ಬಂತೆಂದರೆ ಅದೇ ಅಳತೆಯ ಊರಿನಿಂದ ಇನ್ನೊಂದು: ಟ್ಯಾಂಕರ್ ನೀರಿಗೆ ಕೊಡಗಳ ಸಾಲು. ಎರಡೂ ಸುಳ್ಳಲ್ಲ. ದುಡ್ಡು ಉಳಿದ ಊರಿನಲ್ಲಿ ನೀರು ಯಾಕೆ ಉಳಿಯಲಿಲ್ಲ ಎಂಬುದಕ್ಕೆ ಉತ್ತರ ಬಜೆಟ್ ಪುಸ್ತಕದೊಳಗೇ ಇದೆ, ಆದರೆ ಭಾಷಣ ಮಾಡುವ ಪುಟದಲ್ಲಿ ಇಲ್ಲ.

ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಊರನ್ನಲ್ಲ. ಕಾರವಾರ, ಶಿರಸಿ, ದಾಂಡೇಲಿ ನಗರಸಭೆಗಳು. ಕುಮಟಾ, ಅಂಕೋಲಾ ಪುರಸಭೆಗಳು. ಹೊನ್ನಾವರ, ಸಿದ್ದಾಪುರ, ಯಲ್ಲಾಪುರದಂಥವು ಪಟ್ಟಣ ಪಂಚಾಯತಿಗಳು. ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯತಿ ಎನ್ನುತ್ತಾರೆ, 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅದಕ್ಕೆ ಅನ್ವಯ. ಗೋಕರ್ಣದಂಥ ಪ್ರವಾಸಿಗರು ಮುಗಿಬೀಳುವ ಊರು ಇನ್ನೂ ಗ್ರಾಮ ಪಂಚಾಯತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಕಾಯ್ದೆ ಬೇರೆ, ನಮೂನೆ ಬೇರೆ, ಆದರೆ ಕಸ, ನೀರು, ದೀಪ, ಗಟಾರ ಈ ನಾಲ್ಕರ ಗೋಳು ಒಂದೇ.

ಪುಸ್ತಕದಿಂದಲೇ ಶುರು ಮಾಡೋಣ

ಬಜೆಟ್ ಪುಸ್ತಕ ಕೈಗೆ ಸಿಕ್ಕಿದರೆ ಒಟ್ಟು ಮೊತ್ತ ನೋಡಬೇಡಿ. ಆ ಮೊತ್ತ ಊರಿನ ಶಕ್ತಿಯನ್ನು ಹೇಳುವುದಿಲ್ಲ. ಹದಿನೈದು ಸಾವಿರ ಜನರ ಒಂದು ಕಲ್ಪಿತ ಊರನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬಜೆಟ್ ₹12 ಕೋಟಿ. ಅದರಲ್ಲಿ ₹2.5 ಕೋಟಿ ಆರಂಭಿಕ ಶಿಲ್ಕು, ಅಂದರೆ ವರ್ಷದ ಆರಂಭದಲ್ಲಿ ಖಾತೆಯಲ್ಲಿರುವ ಹಣ. ₹4 ಕೋಟಿ ರಸ್ತೆ, ಟ್ಯಾಂಕು, ಕಟ್ಟಡಕ್ಕೆಂದು ಬರುವ ಬಂಡವಾಳ ಅನುದಾನ. ₹2.2 ಕೋಟಿ ರಾಜ್ಯ ಹಣಕಾಸು ಆಯೋಗದ ವೇತನ ಮತ್ತು ವಿದ್ಯುತ್ ಅನುದಾನ. ₹1 ಕೋಟಿ ‘ಅಸಾಧಾರಣ’ ಬಾಬತ್ತು, ಅಂದರೆ ಗುತ್ತಿಗೆದಾರರ ಠೇವಣಿ, ಕಡಿತ ಮಾಡಿದ ತೆರಿಗೆ, ಬೇರೆ ಇಲಾಖೆಗೆ ಕಟ್ಟಬೇಕಾದ ಉಪಕರ. ಕೊನೆಗೆ ಉಳಿಯುವ ₹2.3 ಕೋಟಿ ಮಾತ್ರ ಸ್ವಂತ ಆದಾಯ ಮತ್ತು ಮುಕ್ತನಿಧಿ (ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ).

ಆರಂಭಿಕ ಶಿಲ್ಕು ಎಂದರೆ ಕಳೆದ ವರ್ಷ ಉಳಿಸಿದ ದುಡ್ಡು ಎಂದುಕೊಂಡರೆ ಮೋಸ ಹೋದಿರಿ. ಬಹುಪಾಲು ಅದು ಖರ್ಚಾಗದ ಅನುದಾನ: ಟೆಂಡರ್ ಆಗಲಿಲ್ಲ, ಗುತ್ತಿಗೆದಾರ ಬರಲಿಲ್ಲ, ಜಾಗದ ತಕರಾರು ಮುಗಿಯಲಿಲ್ಲ. ಅದನ್ನು ಬೇರೆ ಕೆಲಸಕ್ಕೆ ತೆಗೆಯುವ ಹಾಗೂ ಇಲ್ಲ. ಉಳಿತಾಯ ಬಜೆಟ್ ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ. ಮಾಡದೇ ಬಿಟ್ಟ ಕೆಲಸಕ್ಕೆ ನಾವು ಚಪ್ಪಾಳೆ ತಟ್ಟುತ್ತಿರುತ್ತೇವೆ.

ಇನ್ನು ಆ ₹2.3 ಕೋಟಿ. ಇದರಲ್ಲಿ ಪರಿಶಿಷ್ಟ ಜಾತಿ-ಪಂಗಡದವರ ಅಭಿವೃದ್ಧಿಗೆ 24.10%, ಇತರೆ ಬಡವರಿಗೆ 7.25%, ಅಂಗವಿಕಲರಿಗೆ 5% ತೆಗೆದಿಡಬೇಕು. ಒಟ್ಟು 36.35%, ಅಂದರೆ ಸುಮಾರು ₹84 ಲಕ್ಷ. ಈ ಮೀಸಲು ಸರಿಯಾದದ್ದೇ. ತಪ್ಪುವುದು ಫಲಾನುಭವಿ ಪಟ್ಟಿ ಮಾಡದೆ ವರ್ಷ ಕಳೆದು, ಹಣ ಮುಂದಿನ ವರ್ಷದ ಶಿಲ್ಕಿಗೆ ಹೋಗಿ ಕೂರುವುದರಲ್ಲಿ. ಅದು ಹಾಗೆ ಕೂತರೆ ಶೌಚಾಲಯವಿಲ್ಲದ ಮನೆಗೂ ಲಾಭವಿಲ್ಲ, ಊರಿಗೂ ಇಲ್ಲ. ಉಳಿದದ್ದು ₹1.46 ಕೋಟಿ. ಹದಿನೈದು ಸಾವಿರ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ₹976, ತಿಂಗಳಿಗೆ ₹81. ಹೊರಗುತ್ತಿಗೆ ಚಾಲಕರ ಸಂಬಳ, ಕಸದ ಗಾಡಿಯ ಡೀಸೆಲ್, ಪಂಪಿನ ವೈಂಡಿಂಗ್, ಬ್ಲೀಚಿಂಗ್ ಪುಡಿ, ಬಲ್ಬು, ಕಚೇರಿಯ ಕಾಗದ ಎಲ್ಲವೂ ಆ ₹81ರಲ್ಲಿ. ನಮ್ಮ ಊರುಗಳಲ್ಲಿ ಕಟ್ಟಲು ದುಡ್ಡಿದೆ, ಕಟ್ಟಿದ್ದನ್ನು ನಡೆಸಲು ಇಲ್ಲ. ಮುಂದಿನ ಪ್ರತಿ ಸೇವೆಯನ್ನೂ ಈ ಒಂದು ಮಾತಿನಲ್ಲಿಟ್ಟೇ ನೋಡಬೇಕು.

15ನೇ ಹಣಕಾಸು ಆಯೋಗದ ಅನುದಾನದ ಕಥೆಯೂ ಇದಕ್ಕೆ ಹೊಂದಿದ್ದೇ. 2021-26ರ ಅವಧಿಗೆ ಅದರ 60% ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, 40% ಮುಕ್ತ. ಆದರೆ ಮುಕ್ತ ಎಂಬ ಭಾಗದಿಂದಲೂ ಸಂಬಳ, ಆಡಳಿತ ವೆಚ್ಚ ಕೊಡುವಂತಿಲ್ಲ. ಹೊಸ ಕಸದ ಗಾಡಿ ಕೊಳ್ಳಬಹುದು, ಓಡಿಸುವವನ ಸಂಬಳಕ್ಕೆ ಬೇರೆ ಕಡೆ ನೋಡಬೇಕು. ಕಚೇರಿ ಹಿಂದಿನ ಶೆಡ್ಡಿನಲ್ಲಿ ಟೈರ್ ಇಳಿದ ಗಾಡಿಗಳು ಯಾಕೆ ನಿಂತಿರುತ್ತವೆ ಎಂದು ಕೇಳುವವರು ಈ ನಿಯಮವನ್ನೊಮ್ಮೆ ಓದಬೇಕು.

ಪುಸ್ತಕದಲ್ಲಿ ಮೂರು ಕಾಲಂ ಇರುತ್ತವೆ: ಹಿಂದಿನ ವರ್ಷದ ವಾಸ್ತವ, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಮೊದಲನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳಿಗೆ ಬಾಡಿಗೆ ವಾಸ್ತವದಲ್ಲಿ ₹22 ಲಕ್ಷ ಬಂದಿದ್ದು, ಮುಂದಿನ ವರ್ಷಕ್ಕೆ ₹60 ಲಕ್ಷ ಎಂದು ಬರೆದಿದ್ದರೆ ಆ ಬಜೆಟ್‌ನ ಅಷ್ಟು ಭಾಗ ಬರೀ ಆಸೆ. ಸಂತೆ ಸುಂಕ, ಮೀನು ಮಾರುಕಟ್ಟೆ ಹರಾಜು, ಜಾಹೀರಾತು ಶುಲ್ಕ, ಕಟ್ಟಡ ಪರವಾನಿಗೆ, ಈ ನಾಲ್ಕು ತಲೆಬರಹಗಳಲ್ಲಿ ಅಂದಾಜು ಉಬ್ಬಿಸುವುದು ಮಾಮೂಲು. ಆದಾಯ ಉಬ್ಬಿಸಿದರೆ ಮಾತ್ರ ಖರ್ಚಿನ ಕಡೆ ಎಲ್ಲ ಸದಸ್ಯರ ವಾರ್ಡಿಗೂ ಒಂದೊಂದು ಕಾಮಗಾರಿ ಕೂರಿಸಲು ಬರುತ್ತದೆ ನೋಡಿ.

ಶಿರಸಿಯಂಥ ಊರಿಗೆ ಇನ್ನೊಂದು ಎಚ್ಚರ ಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ವರ್ಷದ ನೈರ್ಮಲ್ಯ, ನೀರು, ದೀಪದ ಖರ್ಚನ್ನು ಜಾತ್ರೆಯಿಲ್ಲದ ಬರಿ ವರ್ಷದ ಖರ್ಚಿನ ಜೊತೆ ಹೋಲಿಸಿ ‘ದುಂದು’ ಎನ್ನುವುದಾಗಲಿ, ‘ಉಳಿಸಿದರು’ ಎನ್ನುವುದಾಗಲಿ ಎರಡೂ ತಪ್ಪು. ಜಾತ್ರೆ ವರ್ಷವನ್ನು ಜಾತ್ರೆ ವರ್ಷದ ಪಕ್ಕದಲ್ಲೇ ಇಡಬೇಕು. 2024ರ ಜಾತ್ರೆ ನಡೆದದ್ದು ಮಾರ್ಚ್ ಎರಡನೇ ಅರ್ಧದಲ್ಲಿ, ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಇಂಥ ಹೊತ್ತಿನಲ್ಲಿ ಬಿಲ್ಲು ಪಾವತಿಯಾಗುವುದು ಏಪ್ರಿಲ್ ಮೇಲೆ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ದ್ವಿನಮೂದು ಪದ್ಧತಿಯಲ್ಲಿ, ಖರ್ಚು ಹುಟ್ಟಿದ ವರ್ಷಕ್ಕೇ ಅದನ್ನು ಬರೆಯಬೇಕು. ಬರೆದಿದ್ದಾರೋ ಇಲ್ಲವೋ ಎಂದು ಬ್ಯಾಲೆನ್ಸ್ ಶೀಟಿನ ‘ಕೊಡತಕ್ಕ ಬಾಕಿ’ ಸಾಲಿನಲ್ಲಿ ಗೊತ್ತಾಗುತ್ತದೆ.

ತೆರಿಗೆ ಕಟ್ಟುವ ಸೇವೆ

ಇದಕ್ಕೆ ಒಳ್ಳೆಯ ಅಂಕ ಕೊಡಬೇಕು. ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂದ ಮೇಲೆ ಬಿಲ್ ಕಲೆಕ್ಟರ್ ಮನೆಗೆ ಬರುವ ತನಕ ಕಾಯುವ ಕೆಲಸ ಹೋಯಿತು. ಚಲನ್ ತೆಗೆದು ಬ್ಯಾಂಕಿನಲ್ಲೋ ಫೋನಿನಲ್ಲೋ ಕಟ್ಟಿದರೆ ಆಯಿತು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ 5% ರಿಯಾಯಿತಿ. ಮೇ, ಜೂನ್ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ 2% ದಂಡ. ತೆರಿಗೆ ₹2,000 ಇರುವ ಮನೆಯವರು ಏಪ್ರಿಲ್‌ನಲ್ಲಿ ಕಟ್ಟಿದರೆ ₹100 ಉಳಿತಾಯ, ಮಾರ್ಚ್‌ವರೆಗೆ ಎಳೆದರೆ ಒಂಬತ್ತು ತಿಂಗಳಿಗೆ 18%, ಅಂದರೆ ₹360 ದಂಡ. ವ್ಯತ್ಯಾಸ ₹460. ಕೆಲವು ವರ್ಷ ಸರ್ಕಾರ ರಿಯಾಯಿತಿ ಅವಧಿಯನ್ನು ಮುಂದೂಡಿದ್ದಿದೆ, ಅದನ್ನು ನಂಬಿ ಕೂರಬೇಡಿ.

ರಸೀದಿಯನ್ನು ಸ್ವಲ್ಪ ಬಿಡಿಸಿ ನೋಡಿ. ತೆರಿಗೆಯ ಮೇಲೆ ಆರೋಗ್ಯ ಉಪಕರ 15%, ಗ್ರಂಥಾಲಯ 6%, ಭಿಕ್ಷುಕರ ಪುನರ್ವಸತಿ 3%. ₹2,000ಕ್ಕೆ ₹480 ಇದೇ ಆಯಿತು. ಇದು ಊರಿನ ಪೆಟ್ಟಿಗೆಗೆ ಸೇರುವ ದುಡ್ಡಲ್ಲ, ವಸೂಲಿ ಮಾಡಿ ಆಯಾ ಬಾಬತ್ತಿಗೆ ದಾಟಿಸಬೇಕು. ದಾಟಿಸದೆ ತಾತ್ಕಾಲಿಕವಾಗಿ ಸಂಬಳಕ್ಕೆ ಬಳಸಿಕೊಂಡ ಊರುಗಳ ಲೆಕ್ಕಪರಿಶೋಧನಾ ವರದಿಯಲ್ಲಿ ವರ್ಷವರ್ಷವೂ ಅದೇ ಆಕ್ಷೇಪಣೆ ಕಾಣುತ್ತದೆ. ಪೇಟೆಯ ಗ್ರಂಥಾಲಯದಲ್ಲಿ ಪತ್ರಿಕೆ ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೆ ಒಮ್ಮೊಮ್ಮೆ ಉತ್ತರ ಇಲ್ಲಿರುತ್ತದೆ.

ವಸೂಲಾತಿಯ ಶೇಕಡಾವಾರು ಹೇಳುವಾಗ ಒಂದು ಚಮತ್ಕಾರ ನಡೆಯುತ್ತದೆ. ಈ ವರ್ಷದ ಬೇಡಿಕೆ (ಜನ ಕಟ್ಟಬೇಕಾದ ತೆರಿಗೆ) ₹80 ಲಕ್ಷ, ಹಳೇ ಬಾಕಿ ₹60 ಲಕ್ಷ, ವಸೂಲಾದದ್ದು ₹72 ಲಕ್ಷ ಎಂದಿಟ್ಟುಕೊಳ್ಳಿ. ಸಭೆಯಲ್ಲಿ ‘90% ವಸೂಲಿ’ ಎನ್ನುತ್ತಾರೆ. ಒಟ್ಟು ಬೇಡಿಕೆ ₹1.4 ಕೋಟಿಯ ಎದುರು ಅದು 51%. ಹಾಗಾಗಿ ಬೇಡಿಕೆ-ವಸೂಲಿ-ಬಾಕಿ ತಖ್ತೆಯನ್ನೇ (ಪಟ್ಟಿಯನ್ನೇ) ಕೇಳಬೇಕು, ಅದರಲ್ಲೂ ಮಳಿಗೆ ಬಾಡಿಗೆಯದನ್ನು ಬೇರೆ ಕೇಳಬೇಕು. ಮನೆಯವರು ಹೆಚ್ಚಾಗಿ ಕಟ್ಟುತ್ತಾರೆ. ಬಾಕಿ ಬೆಳೆಯುವುದು ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಗಳಲ್ಲಿ: ಅವಧಿ ಮುಗಿದರೂ ಬಿಡದವರು, ಒಳಬಾಡಿಗೆಗೆ ಕೊಟ್ಟವರು, ಹರಾಜಿಗೆ ಕೋರ್ಟಿನಿಂದ ತಡೆ ತಂದವರು. ಪಕ್ಕದ ಖಾಸಗಿ ಕಟ್ಟಡದಲ್ಲಿ ₹8,000 ಬಾಡಿಗೆ ಇರುವಾಗ ಪಂಚಾಯತಿ ಮಳಿಗೆ ₹900ಕ್ಕೆ ಓಡುತ್ತಿದ್ದರೆ, ಆ ₹7,100ನ್ನು ಊರಿನ ಬೀದಿದೀಪ ಕೊಡುತ್ತಿದೆ ಎಂದೇ ಅರ್ಥ.

ಕರಾವಳಿಯಲ್ಲಿ ಇನ್ನೊಂದು ಸಂಗತಿ: ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿ ಪ್ರಕಾರ ಸ್ಥಳೀಯ ತೆರಿಗೆ ಇಲ್ಲ. ಆದರೆ 2009ರ ಸುಪ್ರೀಂ ಕೋರ್ಟ್ ಆದೇಶದ ನಂತರ ಸೇವಾಶುಲ್ಕ ಕೇಳಬಹುದು. ಎಲ್ಲ ಸೇವೆ ಪಡೆದರೆ ತೆರಿಗೆಯ 75%, ಭಾಗಶಃ ಪಡೆದರೆ 50%, ಏನೂ ಪಡೆಯದಿದ್ದರೆ ಮೂರನೇ ಒಂದು ಭಾಗ. ನೌಕಾನೆಲೆ ಇರುವ ಜಿಲ್ಲೆಯಲ್ಲಿ ಈ ಸಾಲು ಬಜೆಟ್‌ನಲ್ಲಿ ಇದೆಯೋ, ಇದ್ದರೆ ಎಷ್ಟು ಬರೆದಿದ್ದಾರೆ ಎಂದು ನೋಡುವುದು ವ್ಯರ್ಥವಲ್ಲ.

ಖಾತೆ

ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಕಚೇರಿಯ ದಾಖಲೆಯಲ್ಲಿ ಬರೆಸಿ ಪ್ರತಿ ಪಡೆಯುವ, ಸಿಟ್ಟು ಬರಿಸುವ ಸೇವೆ ಇದು. ಪಟ್ಟಣದಲ್ಲಿ ಇ-ಆಸ್ತಿ ತಂತ್ರಾಂಶದ ನಮೂನೆ 3, ಅನಧಿಕೃತ ಬಡಾವಣೆಯ ಆಸ್ತಿಗೆ ನಮೂನೆ 3ಎ. ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯ ಆದ ಮೇಲೆ ಕೌಂಟರಿನ ಮುಂದೆ ಸಾಲು ಬೆಳೆಯಿತು.

ಒಯ್ಯಬೇಕಾದ್ದು: ನೋಂದಾಯಿತ ಪತ್ರ, ಚಾಲ್ತಿ ವರ್ಷದ ತೆರಿಗೆ ರಸೀದಿ, ಋಣಭಾರ ಪತ್ರ, ಭೂ ಪರಿವರ್ತನೆ ಆದೇಶ ಇದ್ದರೆ ಅದು, ಮಾಲೀಕರ ಆಧಾರ್ ಮತ್ತು ಫೋಟೋ, ಆಸ್ತಿಯ ಫೋಟೋ, ಹೆಸ್ಕಾಂ ವಿದ್ಯುತ್ ಬಿಲ್ಲು. ಅರ್ಜಿ ನಿಂತುಹೋಗುವುದು ಕಾಗದ ಇಲ್ಲವೆಂದು ಅಲ್ಲ, ಕಾಗದ ಕಾಗದಕ್ಕೆ ಹೊಂದುವುದಿಲ್ಲವೆಂದು. ಅಜ್ಜನ ಹೆಸರಿನಲ್ಲಿರುವ ಪಹಣಿ, ವಾಟಣಿ (ಪಾಲು) ಆಗದ ಹಿಸ್ಸೆ, ಪತ್ರದಲ್ಲಿ ಒಂದು ಅಡ್ಡಹೆಸರು, ಆಧಾರಿನಲ್ಲಿ ಮತ್ತೊಂದು ಕಾಗುಣಿತ, ಗುಂಟೆಯಿಂದ ಚದರ ಮೀಟರಿಗೆ ಇಳಿಸುವಾಗಿನ ತಪ್ಪು. ಒಂದು ಗುಂಟೆ 101.17 ಚದರ ಮೀಟರ್. ನೂರು ಎಂದು ಸುತ್ತಿಬಿಟ್ಟರೆ ಐದು ಗುಂಟೆಗೆ ಸುಮಾರು ಆರು ಚದರ ಮೀಟರ್ ಮಾಯ. ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ) ‘ಪೂರ್ವಕ್ಕೆ ಇಂಥವರ ಬೇಣ’ ಎಂದಿರುತ್ತದೆ, ಆ ಬೇಣ (ಹುಲ್ಲು ಬೆಳೆಯುವ ಜಾಗ) ಈಗ ನಾಲ್ಕು ಜನರ ಸೈಟು. ಕರಡು ಪ್ರತಿ ಕೊಟ್ಟಾಗಲೇ ಅಕ್ಷರ ಅಕ್ಷರ ನೋಡಬೇಕು. ಅಂತಿಮವಾದ ಮೇಲೆ ಒಂದು ‘ಶ’ ಅನ್ನು ‘ಸ’ ಮಾಡಿಸಲು ಮತ್ತೆ ಅರ್ಜಿ, ಮತ್ತೆ ಆದೇಶ.

ಅರಣ್ಯ ಅತಿಕ್ರಮಣದ ಜಾಗದಲ್ಲಿರುವ ಮನೆಗಳದ್ದು ಬೇರೆ ಕಥೆ. ಮನೆ ನಂಬರ್ ಇದೆ, ದೀಪ ಇದೆ, ಘರಪಟ್ಟಿ ರಸೀದಿಯೂ ಇದೆ, ಮಾಲೀಕತ್ವ ಮಾತ್ರ ಇಲ್ಲ. ತೆರಿಗೆ ರಸೀದಿ ಹಕ್ಕುಪತ್ರವಲ್ಲ, ಎಷ್ಟು ವರ್ಷದ ರಸೀದಿ ಜೋಡಿಸಿಟ್ಟರೂ ಅಲ್ಲ.

ಅರ್ಜಿ ಕೊಟ್ಟು ಬರುವಾಗ ಸಕಾಲದ (ಸರ್ಕಾರಿ ಸೇವೆಗೆ ಗಡುವು ಹಾಕುವ ವ್ಯವಸ್ಥೆಯ) 15 ಅಂಕಿಯ ಸ್ವೀಕೃತಿ ಸಂಖ್ಯೆ ಇಲ್ಲದೆ ಹೊರಬರಬೇಡಿ. 2011ರ ಸಕಾಲ ಕಾಯ್ದೆಯ ಪ್ರಕಾರ ತಡವಾದರೆ ದಿನಕ್ಕೆ ₹20, ಹೆಚ್ಚೆಂದರೆ ₹500 ಪರಿಹಾರ. ಮೊತ್ತ ಜುಜುಬಿ, ಆದರೆ ಸಂಖ್ಯೆ ಬಿದ್ದ ಅರ್ಜಿ ಗಡಿಯಾರಕ್ಕೆ ಸಿಕ್ಕಿಕೊಂಡಿರುತ್ತದೆ. ‘ಕಾಗದ ಇಟ್ಟು ಹೋಗಿ, ಸಾಹೇಬರು ಬಂದ ಮೇಲೆ ನೋಡುತ್ತೇವೆ’ ಎಂದರೆ ಗಡಿಯಾರ ಓಡುವುದೇ ಇಲ್ಲ.

ನೀರು

ಮಳೆ ಮೂರು ಸಾವಿರ ಮಿಲಿಮೀಟರ್ ದಾಟುವ ಕರಾವಳಿಯಲ್ಲಿ ಮೇ ತಿಂಗಳಲ್ಲಿ ನೀರಿಲ್ಲ ಎಂದರೆ ಘಟ್ಟದ ಆಚೆಯವರು ನಗುತ್ತಾರೆ. ನದಿಯ ಗುಣ ಅವರಿಗೆ ಗೊತ್ತಿಲ್ಲ. ಕಾರವಾರ, ಅಂಕೋಲಾಕ್ಕೆ ಗಂಗಾವಳಿ, ಕುಮಟಾ, ಹೊನ್ನಾವರಕ್ಕೆ ಅಘನಾಶಿನಿಯ ಮರಾಕಲ್, ಭಟ್ಕಳಕ್ಕೆ ಕಡವಿನಕಟ್ಟೆ, ಶಿರಸಿಗೆ ಕೆಂಗ್ರೆ ಮತ್ತು ಮಾರಿಗದ್ದೆ ನೀರಿನ ಮೂಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಹರಿವು ಸೊರಗಿದಷ್ಟೂ ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಮೇಲೇರುತ್ತದೆ. ಶರಾವತಿಗೆ ಗೇರುಸೊಪ್ಪದ ವಿದ್ಯುದಾಗಾರದಿಂದ ಬಿಡುವ ನೀರು ಆಸರೆ. ಹೊಳೆಗೆ ಅಡ್ಡ ಹಲಗೆ ಇಟ್ಟು ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಹಲಗೆಯನ್ನು ಹರಿವು ಇರುವಾಗಲೇ ಹಾಕಬೇಕು. ಟೆಂಡರ್ ತಡವಾಗಿ ಹಲಗೆ ಜನವರಿಗೆ ಬಿದ್ದರೆ ಹಿಂದೆ ನಿಲ್ಲಲು ನೀರೇ ಇರುವುದಿಲ್ಲ. ಇದು ಕೋಟಿಗಟ್ಟಲೆಯ ಯೋಜನೆಯ ಸೋಲಲ್ಲ, ಕೆಲವೇ ಸಾವಿರ ರೂಪಾಯಿಯ ಕೂಲಿಯ ಸೋಲು.

ಪಂಪಿನ ಲೆಕ್ಕ ಮಾಡಿ ನೋಡಿ. ಹದಿನೈದು ಸಾವಿರ ಜನಕ್ಕೆ ತಲೆಗೆ 100 ಲೀಟರ್ ಎಂದರೆ ದಿನಕ್ಕೆ 15 ಲಕ್ಷ ಲೀಟರ್. ಅದನ್ನು 60 ಮೀಟರ್ ಎತ್ತರಕ್ಕೆ ಎತ್ತಲು ನಷ್ಟವೇ ಇಲ್ಲದಿದ್ದರೂ ಸುಮಾರು 245 ಯೂನಿಟ್. ಪಂಪು-ಮೋಟರಿನ ಒಟ್ಟು ದಕ್ಷತೆ 60% ಇದ್ದರೆ ಸುಮಾರು 410 ಯೂನಿಟ್. ಮರಳು ತಿಂದು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಸವೆದು ದಕ್ಷತೆ 45%ಕ್ಕೆ ಇಳಿದರೆ 545. ನೀರು ಅಷ್ಟೇ, ಬಿಲ್ಲು ಮೂರನೇ ಒಂದು ಪಾಲು ಜಾಸ್ತಿ. ಯೂನಿಟ್‌ಗೆ ₹6 ಎಂದು ಹಿಡಿದರೂ ವರ್ಷಕ್ಕೆ ಸುಮಾರು ₹3 ಲಕ್ಷ ಹೆಚ್ಚುವರಿ ಖರ್ಚು. ಹೊಸ ಇಂಪೆಲ್ಲರಿಗೆ ಅಷ್ಟಾಗುವುದಿಲ್ಲ. ಆದರೆ ವಿದ್ಯುತ್ತಿಗೆ ಬೇರೆ ಅನುದಾನ ಇದೆಯಲ್ಲ, ಇಂಪೆಲ್ಲರ್ ಸ್ವಂತ ನಿಧಿಯಿಂದ ಬರಬೇಕು. ಆದ್ದರಿಂದ ಸವೆದ ಪಂಪು ಓಡುತ್ತಲೇ ಇರುತ್ತದೆ. ಇಡೀ ವ್ಯವಸ್ಥೆಯ ರೋಗ ಈ ಒಂದು ಪಂಪಿನಲ್ಲಿ ಕಾಣುತ್ತದೆ.

ಎತ್ತಿದ ನೀರೆಲ್ಲ ಮನೆಗೆ ಬರುವುದೂ ಇಲ್ಲ. ಮನೆ ಸಂಪರ್ಕದ ಕಬ್ಬಿಣದ ಪೈಪು ಗಟಾರದೊಳಗೇ ಹಾದು ಹೋಗಿರುತ್ತದೆ, ಉಪ್ಪು ಮಣ್ಣಿಗೆ ಬೇಗ ತೂತು ಬೀಳುತ್ತದೆ. ನೀರು ಬಿಟ್ಟಾಗ ಸೋರುತ್ತದೆ, ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿದು ಗಟಾರದ ನೀರನ್ನು ಒಳಗೆಳೆಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ನಳ ಬಿಟ್ಟ ಮೊದಲ ಐದು ನಿಮಿಷದ ನೀರು ಅಡುಗೆಗೆ ಬೇಡ ಎನ್ನುವುದು ಇದಕ್ಕೇ. ಕಪ್ಪು ಪ್ಲಾಸ್ಟಿಕ್ ಪೈಪಿಗೆ ಬದಲಿಸಿ, ಗಟಾರದ ಮೇಲಿಂದ ಕವಚದೊಳಗೆ ದಾಟಿಸಿದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಕ್ಲೋರಿನ್ ಪರೀಕ್ಷೆ ಟ್ಯಾಂಕಿನ ಬುಡದಲ್ಲಿ ಮಾಡಿ ಸಹಿ ಹಾಕಿದರೆ ಉಪಯೋಗವಿಲ್ಲ. ಲೈನಿನ ಕೊನೆಯ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬ್ಲೀಚಿಂಗ್ ಪುಡಿ ಚೆನ್ನಾಗಿದ್ದರೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕಾಗುತ್ತದೆ. ಆದರೆ ಕರಾವಳಿಯ ತೇವದಲ್ಲಿ ಬಾಯಿ ಬಿಚ್ಚಿಟ್ಟ ಚೀಲ ಮಳೆಗಾಲದೊಳಗೆ ಬರೀ ಸುಣ್ಣವಾಗುತ್ತದೆ. ವರ್ಷದ ಪುಡಿಯನ್ನು ಮಾರ್ಚ್‌ನಲ್ಲಿ ಒಟ್ಟಿಗೆ ಕೊಳ್ಳುವ ಕಚೇರಿಗಳು ಜುಲೈಯಲ್ಲಿ ನೀರಿಗೆ ಹಾಕುತ್ತಿರುವುದು ಏನನ್ನು ಎಂದು ಪರೀಕ್ಷಿಸಬೇಕು.

ಕಸ, ಗಟಾರ, ದೀಪ

ತಲೆಗೆ 300 ಗ್ರಾಂ ಎಂದರೆ ನಮ್ಮ ಕಲ್ಪಿತ ಊರಿನಲ್ಲಿ ದಿನಕ್ಕೆ 4.5 ಟನ್ ಕಸ, ಅರ್ಧಕ್ಕಿಂತ ಹೆಚ್ಚು ಹಸಿ. ಸಣ್ಣ ಆಟೋ ಟಿಪ್ಪರ್ ಒಂದು ಸಲಕ್ಕೆ ಅರ್ಧ ಟನ್ ಹೊತ್ತೀತು. ದಿನಕ್ಕೆ ಎರಡು ಸುತ್ತು ಹಾಕಿದರೆ ನಾಲ್ಕೈದು ಗಾಡಿ ಬೇಕು, ಜೊತೆಗೆ ಕೆಟ್ಟು ನಿಲ್ಲುವ ಒಂದಕ್ಕೆ ಬದಲಿ. ಮನೆಬಾಗಿಲಿನ ಸಂಗ್ರಹಣೆ ನಮ್ಮ ಪಟ್ಟಣಗಳಲ್ಲಿ ಒಟ್ಟಾರೆ ಪರವಾಗಿಲ್ಲ, ಗಾಡಿಯ ಹಾಡು ಕೇಳಿದ ಹೊತ್ತಿಗೆ ಬಕೆಟ್ ಹೊರಗೆ ಬರುತ್ತದೆ. ಸೋಲುವುದು ಗಾಡಿ ಇಳಿಸುವ ಜಾಗದಲ್ಲಿ. ಸೂರಿಲ್ಲದ ಕಾಂಪೋಸ್ಟ್ ಅಂಗಳಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿದ್ದರೆ ಗೊಬ್ಬರವಾಗದು, ಕೊಳೆತ ಕಷಾಯವಾಗಿ ಪಕ್ಕದ ಬಾವಿಗೆ ಇಳಿಯುತ್ತದೆ. ಒಣಕಸವೂ ನೆನೆದರೆ ಕೊಳ್ಳುವವರಿಲ್ಲ. ಸೀಯಾಳದ ಚಿಪ್ಪು, ಮೀನು ಮಾರುಕಟ್ಟೆಯ ತ್ಯಾಜ್ಯ, ಹರಿದ ನೈಲಾನ್ ಬಲೆ ಇವು ಮೂರೂ ಮನೆಕಸದ ಲೆಕ್ಕಕ್ಕೆ ಹೊಂದುವುದಿಲ್ಲ, ಪ್ರತ್ಯೇಕ ಗಾಡಿ, ಪ್ರತ್ಯೇಕ ಹೊತ್ತು ಬೇಕು. ಕಾರವಾರದ ಭಾನುವಾರದ ಸಂತೆ, ಶಿರಸಿಯ ಮಂಗಳವಾರದ ಸಂತೆಯ ಮರುದಿನದ ಕಸವನ್ನು ಉಳಿದ ದಿನದ ಸಿಬ್ಬಂದಿಯಲ್ಲೇ ಎತ್ತಿ ಎನ್ನುವುದು ಅನ್ಯಾಯ. 700 ಜನಕ್ಕೊಬ್ಬ ಪೌರಕಾರ್ಮಿಕ ಎಂಬ ಲೆಕ್ಕದಲ್ಲಿ ಹದಿನೈದು ಸಾವಿರಕ್ಕೆ 21 ಜನ ಬೇಕು. ಹಾಜರಿ ಪುಸ್ತಕದಲ್ಲಿ ಎಷ್ಟು, ಬೀದಿಯಲ್ಲಿ ಎಷ್ಟು, ಕಚೇರಿಯ ಬೇರೆ ಕೆಲಸದಲ್ಲಿ ಎಷ್ಟು ಎಂದು ಬಿಡಿಸಿ ಕೇಳಿ.

ಗಟಾರದ ಹೂಳು ತೆಗೆಯುವ ಕೆಲಸಕ್ಕೆ ಏಪ್ರಿಲ್-ಮೇ ಬಿಟ್ಟರೆ ಬೇರೆ ಹೊತ್ತಿಲ್ಲ. ಕೆಲಸ ನಡೆಯುತ್ತದೆ, ಬಿಲ್ಲೂ ಆಗುತ್ತದೆ. ಆದರೆ ಎತ್ತಿದ ಹೂಳನ್ನು ಗಟಾರದ ಅಂಚಿಗೇ ಹಾಕಿ ‘ಒಣಗಲಿ’ ಎನ್ನುತ್ತಾರೆ, ಜೂನ್ ಮೊದಲ ಮಳೆಗೆ ಅದು ತನ್ನ ಮನೆ ಸೇರುತ್ತದೆ. ಸಾಗಾಟವೂ ಅಂದಾಜುಪಟ್ಟಿಯಲ್ಲಿ ಇದೆಯೇ, ಹಾಗಿದ್ದರೆ ಎಷ್ಟು ಟ್ರಿಪ್ ಎಂಬ ಒಂದು ಪ್ರಶ್ನೆ ಸಾಕು. ಹೊಳೆಬಾಯಿಗೆ ಬೀಳುವ ಗಟಾರಗಳಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಭರತಕ್ಕೆ ಮಳೆಯೂ ಸೇರಿದರೆ ನೀರು ಹಿಂದಕ್ಕೆ ಬರುತ್ತದೆ. ಅಲ್ಲಿ ಹೂಳೆತ್ತಿ ಪ್ರಯೋಜನವಿಲ್ಲ, ಬಾಯಲ್ಲಿ ಒಂದೇ ಕಡೆ ತೆರೆಯುವ ಬಾಗಿಲು ಬೇಕು. ಕಾಂಕ್ರೀಟ್ ರಸ್ತೆಯ ಮೇಲೆ ಮತ್ತೆ ಕಾಂಕ್ರೀಟ್ ಹಾಕುವ ಚಾಳಿಗೂ ಇಲ್ಲೇ ಒಂದು ಮಾತು: ರಸ್ತೆ ಎತ್ತರವಾದಷ್ಟೂ ಮನೆಯಂಗಳ ತಗ್ಗು. ಹಳೇ ಪದರ ಕೆತ್ತದೆ ಹೊಸದಕ್ಕೆ ಅಂದಾಜು ಮಾಡಿದ್ದರೆ ವಾರ್ಡಿನವರು ಆಗಲೇ ತಕರಾರು ಎತ್ತಬೇಕು, ಮಳೆ ಬಂದ ಮೇಲಲ್ಲ.

ದೀಪದ್ದು ಹೇಳುವಷ್ಟಿಲ್ಲ. 30 ವ್ಯಾಟಿನ ಎಲ್‌ಇಡಿ ರಾತ್ರಿ 11 ಗಂಟೆ ಉರಿದರೆ ವರ್ಷಕ್ಕೆ 120 ಯೂನಿಟ್, ಹಗಲೂ ಉರಿದರೆ 263. ಟೈಮರ್ ಕೆಟ್ಟ ಒಂದು ಸ್ವಿಚ್ ಪಾಯಿಂಟಿಗೆ 40 ದೀಪ ಇದ್ದರೆ ಸುಮಾರು 5,700 ಯೂನಿಟ್ ಸೂರ್ಯನಿಗೆ ಅರ್ಪಣೆ. ಮಳೆಗೆ ಮುಂಚಿನ ಸಿಡಿಲಿಗೆ ಸುಡುವುದು ದೀಪವಲ್ಲ, ಅದರೊಳಗೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಎಂಬ ಭಾಗ. ಸರ್ಜ್ (ವಿದ್ಯುತ್ತಿನ ದಿಢೀರ್ ಏರಿಕೆ) ತಡೆವ ರಕ್ಷಣೆ ಇಲ್ಲದ ಅಗ್ಗದ ದೀಪ ಕೊಂಡರೆ ಎರಡನೇ ವರ್ಷ ಅರ್ಧ ಬೀದಿ ಕತ್ತಲೆ. ದೂರು ಕೊಡುವಾಗ ಕಂಬದ ನಂಬರ್ ಬರೆದರೆ ಕೆಲಸ ಬೇಗ ಆಗುತ್ತದೆ.

ಲೆಕ್ಕ ಎಲ್ಲಿ ಸಿಗುತ್ತದೆ

ಹಳ್ಳಿಯವರಿಗೆ ಇಲ್ಲಿ ಪೇಟೆಯವರಿಗಿಂತ ಅನುಕೂಲ ಹೆಚ್ಚು. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಗ್ರಾಮ ಪಂಚಾಯತಿಯ ಕ್ರಿಯಾಯೋಜನೆ, ಜಮಾ-ಖರ್ಚು ತೆರೆದಿಟ್ಟಿರುತ್ತದೆ. ಜೊತೆಗೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಲೆಕ್ಕ ನೋಡುವ ಜಮಾಬಂದಿ ನಡೆಯಬೇಕು, ರಿಜಿಸ್ಟರು ಜನರ ಮುಂದೆ ಬಿಚ್ಚಬೇಕು. ಹೋಗುವವರು ಬೆರಳೆಣಿಕೆ. ಹೋದರೆ ವೋಚರ್ ಪುಸ್ತಕ ಕೇಳಿ, ಭಾಷಣ ಬೇಡ.

ಪಟ್ಟಣದಲ್ಲಿ ಜಮಾಬಂದಿ ಇಲ್ಲ. ಬಜೆಟ್‌ಗೆ ಮುಂಚಿನ ಸಾರ್ವಜನಿಕ ಸಭೆ ಸಾಮಾನ್ಯವಾಗಿ ಡಿಸೆಂಬರ್-ಜನವರಿಯಲ್ಲಿ ಕರೆಯುತ್ತಾರೆ, ಸೂಚನಾಫಲಕ ನೋಡದವರಿಗೆ ಗೊತ್ತೇ ಆಗುವುದಿಲ್ಲ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯೇ ಬಜೆಟ್ ಒಪ್ಪುವುದರಿಂದ ಆ ವರ್ಷ ಈ ಸಭೆಯ ಮಹತ್ವ ಹೆಚ್ಚು. ಲೆಕ್ಕಪರಿಶೋಧನಾ ವರದಿ ಸುಲಭಕ್ಕೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು: ಶುಲ್ಕ ₹10, ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ‘ಎಲ್ಲ ಖರ್ಚಿನ ವಿವರ ಕೊಡಿ’ ಎಂದರೆ ತಿರಸ್ಕಾರಕ್ಕೆ ದಾರಿ ಮಾಡಿಕೊಟ್ಟಂತೆ. ‘ಇಂಥ ವರ್ಷದ ನೀರು ಸರಬರಾಜು ಪಂಪ್ ರಿಪೇರಿ ವೋಚರುಗಳ ಪ್ರತಿ ಮತ್ತು ಅದೇ ಸ್ಥಾವರದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲು’ ಎಂದು ಬರೆಯಿರಿ.